ಮೀನಿನ ತೊಟ್ಟಿಯ ಫೋಟೊ ತೆಗೆಯುವ ಹೊತ್ತು

ರಾತ್ರಿ ದೀಪ ಆರಿಸಿ ಒಂದೆರಡು ಗಂಟೆ ಕಳೆದ ಮೇಲೆ ನಿಯಾನ್ ಟೆಟ್ರಾ ಮೀನಿನ ಮೇಲೆ ಟಾರ್ಚ್ ಬಿಟ್ಟು ನೋಡಿ. ಹಗಲೆಲ್ಲ ಮಿರಮಿರ ಮಿಂಚುತ್ತಿದ್ದ ನೀಲಿ ಪಟ್ಟೆ ಮಂಕಾಗಿ ನೇರಳೆಗೆ ತಿರುಗಿರುತ್ತದೆ. ಮೀನಿಗೆ ಕಾಯಿಲೆಯೇನೂ ಬಂದಿಲ್ಲ. ಆ ನೀಲಿ ಯಾವ ಬಣ್ಣದ್ರವ್ಯದಿಂದಲೂ ಬಂದದ್ದಲ್ಲ. ಚರ್ಮದ ಕೋಶಗಳೊಳಗೆ ಗ್ವಾನಿನ್ ಎಂಬ ವಸ್ತುವಿನ ತೆಳು ಹರಳುಗಳು ಇಸ್ಪೀಟ್ ಎಲೆಗಳ ಕಟ್ಟಿನಂತೆ ಜೋಡಿಕೊಂಡಿರುತ್ತವೆ. ಅವುಗಳ ನಡುವಿನ ಅಂತರವನ್ನು ಅನುಸರಿಸಿ ಒಂದು ಬಣ್ಣದ ಬೆಳಕು ಪ್ರಬಲವಾಗಿ ಮರಳುತ್ತದೆ. ಕತ್ತಲಲ್ಲಿ ಈ ಜೋಡಣೆ ಬದಲಾಗುತ್ತದೆ, ಬೆಳಕು ಬಿದ್ದ ಮೇಲೆ ನಿಧಾನಕ್ಕೆ ಮೊದಲಿನಂತಾಗುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದ ತಕ್ಷಣ ಫೋಟೊ ತೆಗೆದವರಿಗೆ ಪೇಲವ ಮೀನು ಸಿಗುವುದು ಇದರಿಂದಲೇ.

ಗಿಡಗಳಿಗೂ ಅವುಗಳದೇ ಹೊತ್ತಿದೆ. ದೀಪ ಉರಿದು ಕೆಲವು ಗಂಟೆಗಳಾದಾಗ ದ್ಯುತಿಸಂಶ್ಲೇಷಣೆಯಿಂದ ಹೊರಬಂದ ಆಮ್ಲಜನಕದಿಂದ ನೀರು ತುಂಬಿಹೋಗಿರುತ್ತದೆ. ಮುಂದೆ ಬರುವ ಆಮ್ಲಜನಕ ಕರಗಲು ಜಾಗವಿಲ್ಲದೆ ಎಲೆಗಳ ಮೇಲೆ ಮುತ್ತಿನಂತೆ ಕೂರುತ್ತದೆ. ರೊಟಾಲಾದ ಕತ್ತರಿಸಿದ ದಂಟಿನ ತುದಿಯಿಂದ ಗುಳ್ಳೆಗಳು ಒಂದರ ಹಿಂದೊಂದು ದಾರದಂತೆ ಮೇಲೇರುವುದನ್ನು ಎಷ್ಟು ಹೊತ್ತು ನೋಡಿದರೂ ನನಗೆ ಸಾಕೆನಿಸುವುದಿಲ್ಲ. ಆದರೆ ನೀರು ಬದಲಿಸಿದ ಕೂಡಲೇ ಕಾಣುವ ಗುಳ್ಳೆಗಳನ್ನು ನಂಬಬೇಡಿ. ಅವು ನಲ್ಲಿ ನೀರಿನಲ್ಲಿ ಕರಗಿದ್ದ ಗಾಳಿಯವು. ಗಾಜು, ಕಲ್ಲು, ಸತ್ತ ಎಲೆ ಎಂಬ ಭೇದವಿಲ್ಲದೆ ಎಲ್ಲಕ್ಕೂ ಅಂಟಿರುತ್ತವೆ.

ಗಿಡ ನೆಟ್ಟ ತೊಟ್ಟಿಯನ್ನು ನಿಸರ್ಗದೃಶ್ಯದ ಮಟ್ಟಕ್ಕೆ ಏರಿಸಿದ ಜಪಾನಿನ ತಕಾಶಿ ಅಮಾನೊ (1954–2015) ಸ್ವತಃ ಛಾಯಾಗ್ರಾಹಕರು, ಕಾಡುಗಳ ಚಿತ್ರಗಳನ್ನು ದೊಡ್ಡ ಕ್ಯಾಮೆರಾಗಳಲ್ಲಿ ಸೆರೆಹಿಡಿದವರು. ಪಾಚಿ ತಿನ್ನಲು ಅವರು ತೊಟ್ಟಿಗೆ ಬಿಡುತ್ತಿದ್ದ ಪುಟ್ಟ ಸೀಗಡಿಗೆ ಇವತ್ತು ಅವರದೇ ಹೆಸರು. ಅವರ ಚಿತ್ರಗಳಲ್ಲಿ ಮೀನಿಗಿಂತ ಹೆಚ್ಚಾಗಿ ಬೆಳಕು ಕಣ್ಣಿಗೆ ಬೀಳುತ್ತದೆ.

ಮನೆಯಲ್ಲಿ ಆ ಬೆಳಕಿಗೆ ಅಡ್ಡಿ ಬರುವುದು ಗಾಜು. ಕ್ಯಾಮೆರಾದ ಫ್ಲ್ಯಾಷ್ ನೇರವಾಗಿ ಹೊಡೆದರೆ ಅದು ನೇರವಾಗಿಯೇ ಮರಳಿ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಕೋಣೆಯ ದೀಪ ಆರಿಸಿ, ಕಿಟಕಿಯ ಪರದೆ ಎಳೆದು, ಗಾಢ ಬಣ್ಣದ ಅಂಗಿ ಹಾಕಿಕೊಂಡು ತೊಟ್ಟಿಯ ದೀಪವನ್ನಷ್ಟೇ ಬಳಸಿ. ಮೊಬೈಲನ್ನು ಓರೆಯಾಗಿ ಹಿಡಿಯಬಾರದು. ನೀರಿನ ವಕ್ರೀಭವನಾಂಕ ಸುಮಾರು 1.33, ನೇರ ನೋಡಿದರೆ ಮೀನು ಇರುವುದಕ್ಕಿಂತ ಹತ್ತಿರದಲ್ಲಿ ಕಾಣುತ್ತದೆ, ಅಷ್ಟೇ. ಓರೆಯಾಗಿ ನೋಡಿದರೆ ಬೇರೆ ಬೇರೆ ಬಣ್ಣದ ಕಿರಣಗಳು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿ ಮೀನಿನ ಅಂಚಿಗೆ ನೀಲಿ–ಕೆಂಪು ಗೆರೆ ಮೂಡುತ್ತದೆ. ಲೆನ್ಸ್ ಗಾಜಿಗೆ ಎದುರಾಬದುರು ಇರಲಿ, ಫೋಕಸ್ ಮೀನಿನ ಕಣ್ಣಿನ ಮೇಲಿರಲಿ. ಈಜುವ ಮೀನು ಸೆಕೆಂಡಿನ 1/125 ಭಾಗಕ್ಕಿಂತ ನಿಧಾನವಾದ ಶಟರ್‌ಗೆ ಸಾಮಾನ್ಯವಾಗಿ ಮಸುಕಾಗುತ್ತದೆ.

ಫೋಟೊ ಹಂಚಿಕೊಳ್ಳುವವರಿಗೆ ನನ್ನದೊಂದು ಕೋರಿಕೆ: ನೆಟ್ಟ ದಿನದ ಚಿತ್ರಕ್ಕೇ ನಿಲ್ಲಿಸಬೇಡಿ. ನರ್ಸರಿಯ ಎಷ್ಟೋ ಗಿಡಗಳು ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆದವು. ನೀರಿಗಿಳಿದಾಗ ಆ ಎಲೆಗಳು ಕೊಳೆತು ಬಿದ್ದು, ನೀರಿಗೆ ಒಗ್ಗುವ ತೆಳು ಎಲೆಗಳು ಹೊಸದಾಗಿ ಹುಟ್ಟಬೇಕು. ಮೀನಿನ ಕಿವಿರಿನಿಂದ ಬರುವ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳು ನೆಲೆಯೂರಲೂ ವಾರಗಳು ಬೇಕು. ಒಂದೇ ಜಾಗದಲ್ಲಿ ನಿಂತು ವಾರಕ್ಕೊಂದರಂತೆ ತೆಗೆದ ಚಿತ್ರಗಳು, ಜೊತೆಗೆ ತೊಟ್ಟಿ ಎಷ್ಟು ಲೀಟರಿನದು, ದೀಪ ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ ಎಂಬ ಎರಡು ಸಾಲು ಇದ್ದರೆ ಹೊಸಬರಿಗೆ ನಿಜಕ್ಕೂ ಉಪಯೋಗ. ಎಲೆ ಉದುರಿದ, ಪಾಚಿ ಕಟ್ಟಿದ ವಾರದ ಚಿತ್ರವನ್ನೂ ಸೇರಿಸಿ. ಆಗ ಅವರು ಗಾಬರಿಯಾಗಿ ಗಿಡ ಕಿತ್ತೆಸೆಯುವುದಿಲ್ಲ.

ಫೋಟೊ ಎಷ್ಟು ಬೇಕಾದರೂ ಹರಡಲಿ, ಗಿಡ ಹಾಗಲ್ಲ. 2020ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯ ಕಾಲುವೆ ತುಂಬ ಗುಲಾಬಿ ಹೂ ಅರಳಿ, ಚಿತ್ರಗಳು ಎಲ್ಲೆಡೆ ಓಡಾಡಿ, ನೋಡಲು ಜನ ನುಗ್ಗಿದರು. ಆ ಹೂ ದಕ್ಷಿಣ ಅಮೆರಿಕ ಮೂಲದ ಕಬೊಂಬಾದ್ದು, ತೊಟ್ಟಿಗಳಲ್ಲಿ ಬೆಳೆಸುವ ಗಿಡದ್ದು. ಕಬೊಂಬಾದ ತುಂಡು ದಂಟು ಸಾಕು, ಹೊಸ ಗಿಡವಾಗುತ್ತದೆ. ನೀರು ತುಂಬ ಹಬ್ಬಿದರೆ ಕೆಳಗಿನ ಸ್ಥಳೀಯ ಸಸ್ಯಗಳಿಗೆ ಬೆಳಕೇ ಇಲ್ಲ. ಕತ್ತರಿಸಿದ ದಂಟುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ತೊಟ್ಟಿ ಇಟ್ಟಿರುವ ಗೆಳೆಯರಿಗೆ ಕೊಡಿ. ಉಳಿದದ್ದನ್ನು ಬಿಸಿಲಲ್ಲಿ ಗರಿಗರಿಯಾಗುವಂತೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಚರಂಡಿಗೂ ಕೆರೆಗೂ ಬೇಡ.