ಚಟ್ಟಿಯ ಬಿಗೋನಿಯಾ ಬಾಡುವುದೇಕೆ?

ಬಣ್ಣದ ಎಲೆಯ ಬಿಗೋನಿಯಾ ಚಟ್ಟಿಗಳು ನಮ್ಮ ಅನೇಕ ಮನೆಗಳ ಜಗಲಿಗೆ ಶೋಭೆ. ಆದರೆ ಬೇಸಗೆಯಲ್ಲಿ ಚೆನ್ನಾಗಿದ್ದ ಗಿಡ ಮಳೆಗಾಲದಲ್ಲಿ ಬುಡಸಹಿತ ಕರಗಿಹೋಗುವುದುಂಟು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಡಿಕೆಗೆ ಕೊಳೆರೋಗ ತಗಲುವ ದಿನಗಳೇ ಬಿಗೋನಿಯಾಕ್ಕೂ ಕಷ್ಟದ ದಿನಗಳು.

ಗುರುತಿಸುವುದು ಹೇಗೆ?

ಎಲೆ ಬಾಡಿದೊಡನೆ ನೀರೆರೆಯಬೇಡಿರಿ. ಮೊದಲು ಮಣ್ಣಿಗೆ ಒಂದಂಗುಲ ಬೆರಳಿಳಿಸಿ ನೋಡಿರಿ. ಮಣ್ಣು ಒಣಗಿ ಚಟ್ಟಿ ಹಗುರವಾಗಿದ್ದರೆ ಗಿಡಕ್ಕೆ ನೀರು ಸಾಲದು. ಮಣ್ಣು ಒದ್ದೆಯಾಗಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆಯುತ್ತಿದೆಯೆಂದು ತಿಳಿಯಬೇಕು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿಯಿಲ್ಲ. ಪಿಥಿಯಂ ಎಂಬ ರೋಗಾಣು ಅಲ್ಲಿ ಬೇಗನೆ ಹಬ್ಬುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆಳೆಯಲಾರದು. ಆಗ ಇನ್ನಷ್ಟು ನೀರು ಹೊಯ್ದರೆ ಗಿಡ ಉಳಿಯದು.

ಎಲೆಯ ಮೇಲೆ ಬಿಳಿ ಹುಡಿ ಕಂಡರೆ ಅದು ಬೂದಿರೋಗ. ಅಂಥ ಎಲೆಗಳನ್ನು ಕಿತ್ತು ಸುಟ್ಟು, ಚಟ್ಟಿಗಳ ನಡುವೆ ಗಾಳಿಯಾಡುವಷ್ಟು ಅಂತರವಿಡಿರಿ. ನೀರಿನಲ್ಲಿ ನೆನೆದಂತಿರುವ ಚುಕ್ಕೆ ಹಳದಿ ಅಂಚಿನೊಡನೆ ಹರಡುತ್ತಿದ್ದರೆ ಅದು ಬ್ಯಾಕ್ಟೀರಿಯಾದ ರೋಗ. ಇದಕ್ಕೆ ಮದ್ದಿಲ್ಲ, ಇತರ ಗಿಡಗಳನ್ನು ಉಳಿಸಲು ರೋಗದ ಗಿಡವನ್ನು ಮಣ್ಣುಸಹಿತ ದೂರ ಮಾಡಬೇಕು. ಎಲೆಯಂಚು ಒಣಗಿ ಕಂದಾದರೆ ಬಿಸಿಲು ಹೆಚ್ಚಾಗಿರಬಹುದು, ನೆರಳಿಗೆ ಸರಿಸಿರಿ.

ತಡೆಯುವ ಉಪಾಯ

ಬರಿಯ ಕೆಂಪು ಮಣ್ಣು ಚಟ್ಟಿಯಲ್ಲಿ ಗಟ್ಟಿಯಾಗುತ್ತದೆ. ಅದಕ್ಕೆ ಸಮಪಾಲು ಮರಳು ಮತ್ತು ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿರಿ. ಚಟ್ಟಿಯ ತಳದಲ್ಲಿ ತೂತಿರಲೇಬೇಕು. ಮಳೆಗಾಲದಲ್ಲಿ ಚಟ್ಟಿಗಳನ್ನು ಮಾಡಿನ ಕೆಳಗಿಡಿರಿ. ನೀರನ್ನು ಬೆಳಿಗ್ಗೆ, ಎಲೆ ನೆನೆಯದಂತೆ, ಬುಡಕ್ಕೆ ಮಾತ್ರ ಎರೆಯಿರಿ.

ಬೇರು ಕೊಳೆಯಲಾರಂಭಿಸಿದರೂ ಒಂದು ದಾರಿಯಿದೆ. ದಪ್ಪ ಎಲೆಯ ರೆಕ್ಸ್ ಬಿಗೋನಿಯಾದ ಆರೋಗ್ಯವಂತ ಎಲೆಯನ್ನು ಕೊಯ್ದು, ಹಿಂಭಾಗದ ನರಗಳನ್ನು ಅಲ್ಲಲ್ಲಿ ಕತ್ತರಿಸಿ, ಒದ್ದೆ ಮರಳಿನ ಮೇಲೆ ಒತ್ತಿಡಿರಿ. ಕೆಲವು ವಾರಗಳಲ್ಲಿ ಕತ್ತರಿಸಿದ ಕಡೆ ಹೊಸ ಸಸಿ ಹುಟ್ಟುತ್ತದೆ. ಮಳೆ ಹಿಡಿಯುವ ಮೊದಲೇ ಹೀಗೆ ಒಂದೆರಡು ಸಸಿ ಮಾಡಿಟ್ಟುಕೊಳ್ಳುವುದು ಜಾಣತನ.

ತಟ್ಟೆಯ ನೀರಿನ ಅಪಾಯ

ಚಟ್ಟಿಯಡಿಯ ತಟ್ಟೆಯಲ್ಲಿ ನಿಂತ ನೀರು ಗಿಡಕ್ಕಷ್ಟೇ ಅಲ್ಲ, ಮನೆಯವರಿಗೂ ಕೇಡು. ಡೆಂಗ್ಯೂ ಮತ್ತು ಚಿಕುನ್‌ಗುನ್ಯ ಜ್ವರ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ಅಲ್ಲಿಂದ ಹೊಸ ಸೊಳ್ಳೆಗಳು ಏಳುತ್ತವೆ. ಇವು ಹಗಲಲ್ಲೇ ಕಚ್ಚುವುದರಿಂದ ರಾತ್ರಿಯ ಸೊಳ್ಳೆಪರದೆ ಮಾತ್ರ ಸಾಲದು. ನೀರು ಚೆಲ್ಲಿದರೂ ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಉಳಿಯುತ್ತವೆ. ಆದ್ದರಿಂದ ವಾರಕ್ಕೊಮ್ಮೆ ತಟ್ಟೆಯನ್ನು ತೆಂಗಿನ ಚೊಪ್ಪಿನಿಂದ ತಿಕ್ಕಿ ತೊಳೆಯಬೇಕು. ಮಳೆಗಾಲ ಮುಗಿಯುವ ತನಕ ತಟ್ಟೆಯನ್ನೇ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ವಾರಕ್ಕೊಂದು ದಿನ ಗೊತ್ತುಮಾಡಿ ಈ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿರಿ. ಕಾಲುಗಂಟೆಯ ದುಡಿಮೆಯಿಂದ ಗಿಡವೂ ಉಳಿಯುವುದು, ಮನೆಯವರ ಆರೋಗ್ಯವೂ ಉಳಿಯುವುದು.