ಒರಟು ಹಾದಿಯೂ ಸಣ್ಣ ಮೋಟಾರೂ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಹೆದ್ದಾರಿಯೂ ಗಾಡಿಜಾಡೂ ನೆರೆಹೊರೆಯಲ್ಲಿಯೇ ಇರುವುವು. 2023ರ ಮಾರ್ಚಿ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯಲ್ಲಿ ಬೆಂಗಳೂರಿನ ಗೃಹಸ್ಥನು ತನ್ನ ಪುಟ್ಟ ಕಾರಿನಲ್ಲಿ ಸಂಸಾರಸಮೇತ ಮದ್ದೂರಿನ ಬಳಿಗೆ ಸರಾಗವಾಗಿ ಬಂದು ಸೇರುವನು. ಅಲ್ಲಿಂದ ಹೆದ್ದಾರಿಯನ್ನು ಬಿಟ್ಟು ಊರಿನ ದಾರಿ ಹಿಡಿದರೆ ಮೊದಲು ಡಾಂಬರು, ಆಮೇಲೆ ಜಲ್ಲಿ, ಕಡೆಗೆ ಕಬ್ಬಿನ ಗದ್ದೆಗಳ ನಡುವಣ ಮಣ್ಣುಹಾದಿ. ಕಬ್ಬು ಕಡಿಯುವ ಕಾಲದಲ್ಲಿ ಕಾರ್ಖಾನೆಗಳಿಗೂ ಆಲೆಮನೆಗಳಿಗೂ ಹೇರಿಕೊಂಡು ಹೋಗುವ ಟ್ರಾಕ್ಟರುಗಳು ಈ ಹಾದಿಯಲ್ಲಿ ಎರಡು ಆಳವಾದ ಜಾಡುಗಳನ್ನು ಕೊರೆಯುವುವು. ಜಾಡುಗಳ ನಡುವೆ ಮಣ್ಣಿನ ದಿಂಡು ಹಾಗೆಯೇ ನಿಲ್ಲುವುದು. ಗಾಲಿಗಳು ಜಾಡಿಗೆ ಇಳಿದೊಡನೆಯೇ ಕಾರಿನ ಹೊಟ್ಟೆ ಈ ದಿಂಡಿಗೆ ತಾಗುವುದು.

ಆ ಸದ್ದನ್ನು ಕೇಳಿದ ಯಜಮಾನನಿಗೆ ಸಾಮಾನ್ಯವಾಗಿ ಹೊಳೆಯುವ ಉಪಾಯ ಒಂದೇ: ಗ್ಯಾರೇಜಿಗೆ ಹೋಗಿ ಕಾರನ್ನು ಎರಡಂಗುಲ ಮೇಲಕ್ಕೆ ಎತ್ತಿಸುವುದು. ಈ ಉಪಾಯದಿಂದ ದೊರೆಯತಕ್ಕ ಲಾಭವೇನು, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ನಾವು ಈ ಹೊತ್ತು ವಿಚಾರ ಮಾಡೋಣ.

ನಮ್ಮ ಎತ್ತಿನ ಗಾಡಿಯನ್ನೇ ಮೊದಲು ನೋಡೋಣ. ಅದಕ್ಕೆ ಸ್ಪ್ರಿಂಗು ಇಲ್ಲ. ಜಾಡಿಗೂ ಕೆಸರಿಗೂ ನಮ್ಮ ಬಡಗಿಗಳು ಕಂಡುಕೊಂಡ ಉತ್ತರವೆಂದರೆ ದೊಡ್ಡ ಗಾಲಿ. ಗಾಲಿ ದೊಡ್ಡದಾದರೆ ಅಚ್ಚು ತಾನಾಗಿ ಮೇಲಕ್ಕೆ ಏರುವುದು, ಗುಂಡಿಯನ್ನು ದಾಟುವುದೂ ಸುಲಭವಾಗುವುದು. ಆದರೆ ಅದೇ ಗಾಡಿಗೆ ಹುಲ್ಲನ್ನು ಮೇಲಕ್ಕೆ ಹೇರಿದಾಗ ಗಾಡಿ ಹೊಡೆಯುವವನು ಎಷ್ಟು ಎಚ್ಚರದಿಂದಿರುವನೆಂಬುದನ್ನು ನೋಡಿದವರು ಬಲ್ಲರು. ಭಾರ ಮೇಲೆ ಹೋದಷ್ಟೂ ಗಾಡಿ ಮಗುಚುವ ಭಯ ಹೆಚ್ಚು. ಎತ್ತುಗಳ ನಡಿಗೆಯ ವೇಗದಲ್ಲಿ ಆ ಭಯಕ್ಕೆ ಮಿತಿಯುಂಟು. ಮೋಟಾರಿನ ವೇಗದಲ್ಲಿ ಆ ಮಿತಿ ಇರುವುದಿಲ್ಲ.

ಮೋಟಾರಿನಲ್ಲಿ ಮೈಗೂ ಗಾಲಿಗೂ ನಡುವೆ ಸ್ಪ್ರಿಂಗು, ಷಾಕ್ ಅಬ್ಸಾರ್ಬರು ಮೊದಲಾದ ಅಂಗಗಳಿರುವುವು. ಇವೆಲ್ಲವೂ ಸೇರಿ ಸಸ್ಪೆನ್ಷನ್ ಎನಿಸಿಕೊಳ್ಳುವುದು. ಸ್ಪ್ರಿಂಗು ಹೊಡೆತವನ್ನು ನುಂಗುವುದು. ಷಾಕ್ ಅಬ್ಸಾರ್ಬರು ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದು. ಇಲ್ಲಿ ಎರಡು ಗುಣಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವ ಎಡೆ ಒಂದು. ಗಾಲಿಯು ಮೇಲಕ್ಕೂ ಕೆಳಕ್ಕೂ ಆಡಬಲ್ಲ ದೂರ ಇನ್ನೊಂದು. ಇಂದಿನ ಸಣ್ಣ ಕಾರುಗಳಲ್ಲಿ ಮೊದಲನೆಯದು ಸುಮಾರು 160ರಿಂದ 185 ಮಿಲಿಮೀಟರು. ಕಾರನ್ನು ಎತ್ತಿಸಿದಾಗ ಈ ಎಡೆ ಹೆಚ್ಚುವುದು, ನಿಜ. ಗಾಲಿಯ ಆಟ ಮಾತ್ರ ಹೆಚ್ಚುವುದಿಲ್ಲ; ಎಷ್ಟೋ ಸಲ ಕಡಿಮೆಯೇ ಆಗುವುದು.

ಫ್ರಾನ್ಸಿನ ಸಿಟ್ರೊಯೆನ್ ಕಂಪೆನಿಯು 1948ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ತೋರಿಸಿದ 2 ಸಿವಿ ಎಂಬ ಪುಟ್ಟ ಕಾರು ಇದಕ್ಕೆ ಒಳ್ಳೆಯ ನಿದರ್ಶನ. ಅದು ಹಳ್ಳಿಯ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಗಾಡಿ. ಉತ್ತ ಹೊಲದ ಮೇಲೆ ಮೊಟ್ಟೆಯ ಬುಟ್ಟಿಯನ್ನಿಟ್ಟುಕೊಂಡು ಹೋದರೂ ಒಂದೂ ಒಡೆಯಬಾರದೆಂಬುದು ಅದನ್ನು ರೂಪಿಸಿದವರ ಗುರಿಯಾಗಿತ್ತು. ಈ ಗುರಿಯನ್ನು ಅವರು ಸಾಧಿಸಿದುದು ಮೃದುವಾದ ಸ್ಪ್ರಿಂಗಿನಿಂದಲೂ ಗಾಲಿಗಳಿಗೆ ಕೊಟ್ಟ ಉದ್ದನೆಯ ಆಟದಿಂದಲೂ, ಬರಿಯ ಎತ್ತರದಿಂದಲ್ಲ.

ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ನಡೆಯುವ ವಿಧಾನಗಳು ಮೂರು. ಮೊದಲನೆಯದು, ಸುರುಳಿ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರಿನ ತುಂಡನ್ನು ತೂರಿಸುವುದು. ಇದರ ಬೆಲೆ ಕಡಿಮೆ. ಆದರೆ ತುಂಡು ಸಿಕ್ಕಿದ ಸುತ್ತು ಕೆಲಸಮಾಡದೆ ನಿಲ್ಲುವುದರಿಂದ ಉಳಿದ ಸುತ್ತುಗಳ ಮೇಲೆ ಭಾರ ಬೀಳುವುದು, ಸ್ಪ್ರಿಂಗು ಗಡಸಾಗುವುದು, ಅದರ ಕುಣಿತವನ್ನು ಅಡಗಿಸುವ ಶಕ್ತಿ ಹಳೆಯ ಷಾಕ್ ಅಬ್ಸಾರ್ಬರಿಗೆ ಸಾಲದೆ ಹೋಗುವುದು. ಎರಡನೆಯದು, ಮುಂಗಾಲಿಯ ಸ್ಟ್ರಟ್ಟಿನ ತಲೆಯ ಮೇಲೆ ಲೋಹದ ಅಥವಾ ಪ್ಲಾಸ್ಟಿಕಿನ ಬಿಲ್ಲೆಯನ್ನು ಕೂರಿಸುವುದು. ಇದರಿಂದ ಕಾರಿನ ಮೈ ಮೇಲೇರಿ ಗಾಲಿ ಕೆಳಗೆ ಉಳಿಯುವುದರಿಂದ ಇಂಜಿನಿನಿಂದ ಗಾಲಿಗೆ ಶಕ್ತಿಯನ್ನು ಒಯ್ಯುವ ದಂಡವು ಓರೆಯಾಗಿ ತಿರುಗಬೇಕಾಗುವುದು. ಅದರ ಕೀಲುಗಳೂ ಕೀಲನ್ನು ಮುಚ್ಚಿದ ರಬ್ಬರಿನ ಚೀಲವೂ ಬೇಗ ಸವೆಯುವುವು. ಗಾಲಿಗಳ ಓರೆಯೂ ದಿಕ್ಕೂ ಬದಲಾಗುವುದರಿಂದ ಅಲೈನ್‌ಮೆಂಟನ್ನು ಹೊಸದಾಗಿ ಸರಿಪಡಿಸದಿದ್ದರೆ ಟೈರು ಒಂದೇ ಅಂಚಿನಲ್ಲಿ ತೇಯುವುದು.

ಮೂರನೆಯದು ದೊಡ್ಡ ಟೈರು. ಎತ್ತಿನ ಗಾಡಿಯ ಮಾರ್ಗವೇ ಇದು. ಆದರೆ ಲೆಕ್ಕ ಹಾಕಿ ನೋಡಿದರೆ ದೊರೆಯುವ ಲಾಭ ಬಲು ಸಣ್ಣದು. 145/80 ಆರ್ 13 ಅಳತೆಯ ಟೈರಿನ ವ್ಯಾಸ ಸುಮಾರು 562 ಮಿಲಿಮೀಟರು. 155/80 ಆರ್ 13ರ ವ್ಯಾಸ 578. ವ್ಯಾಸ 16 ಮಿಲಿಮೀಟರು ಹೆಚ್ಚಿದರೆ ಅಚ್ಚು ಏರುವುದು ಅದರ ಅರ್ಧ, ಎಂದರೆ 8 ಮಿಲಿಮೀಟರು ಮಾತ್ರ. ಇದರ ಜೊತೆಗೆ ವೇಗಮಾಪಕವು ನೂರಕ್ಕೆ ಸುಮಾರು ಮೂರರಷ್ಟು ಕಡಿಮೆ ತೋರಿಸುವುದು.

ಇನ್ನು ಮುಖ್ಯವಾದ ಬೆಲೆಯ ವಿಷಯ. ಒಂದು ಕಾರಿನ ಎಡಬಲ ಗಾಲಿಗಳ ನಡುವಣ ಅಗಲ 1300 ಮಿಲಿಮೀಟರು, ಗುರುತ್ವಕೇಂದ್ರದ ಎತ್ತರ 530 ಮಿಲಿಮೀಟರು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 1.23 ಬರುವುದು. ಈ ಅಂಕೆ ಇಳಿದಷ್ಟೂ ಗಾಡಿ ಮಗುಚುವುದು ಸುಲಭ. ಗುರುತ್ವಕೇಂದ್ರವು 40 ಮಿಲಿಮೀಟರು ಏರಿದರೆ ಅಂಕೆ 1.14ಕ್ಕೆ ಇಳಿಯುವುದು, ನೂರಕ್ಕೆ ಏಳರಷ್ಟು ಭದ್ರತೆ ಹೋಯಿತು. ಮಣ್ಣುಹಾದಿಯಲ್ಲಿ ಗಂಟೆಗೆ ಹತ್ತು ಕಿಲೋಮೀಟರಿನಂತೆ ಹೋಗುವಾಗ ಇದು ಗಮನಕ್ಕೇ ಬಾರದು. ಆದರೆ ಅದೇ ಕಾರು ಅದೇ ದಿನ ಸಂಜೆ ಹೆದ್ದಾರಿಯಲ್ಲಿ ಮರಳಬೇಕಷ್ಟೆ. ಅಲ್ಲಿ ಎದುರಿಗೆ ನಾಯಿಯೊಂದು ಅಡ್ಡ ಬಂದು ಸ್ಟೀರಿಂಗನ್ನು ಥಟ್ಟನೆ ತಿರುಗಿಸಿದಾಗ, ಹೋದ ಆ ಏಳು ಪಾಲು ನೆನಪಿಗೆ ಬರುವುದು. ಕಡೆಯ ನಾಲ್ಕು ಕಿಲೋಮೀಟರಿಗಾಗಿ ಕೊಂಡ ಎತ್ತರದ ಬೆಲೆಯನ್ನು ಮೊದಲಿನ ಎಂಬತ್ತು ಕಿಲೋಮೀಟರಿನಲ್ಲಿ ತೆರಬೇಕಾಗುವುದು. ಆ ಬೆಲೆಯನ್ನು ತೆರುವವರಲ್ಲಿ ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳೂ ಮುದುಕರೂ ಇರುವರು.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರು ನಿರ್ಣಯಿಸಿದ ಲಕ್ಷಣಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸುವುದು; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಅಪಘಾತವಾದಲ್ಲಿ ವಿಮೆಯವರು ತಕರಾರು ತೆಗೆಯುವುದಕ್ಕೂ ಇದು ದಾರಿಯಾಗುವುದು.

ಹಾಗಾದರೆ ಸಣ್ಣ ಕಾರಿನವನು ಊರಿಗೆ ಹೋಗಬಾರದೆ? ಧಾರಾಳವಾಗಿ ಹೋಗಬಹುದು. ಮೊದಲು, ಕಳೆದುಹೋದ ಎತ್ತರವನ್ನು ಮರಳಿ ಪಡೆಯಬೇಕು. ಹತ್ತಾರು ವರ್ಷ ದುಡಿದ ಸ್ಪ್ರಿಂಗು ಕುಸಿದಿರುವುದು. ಅದನ್ನು ತೆಗೆದು ತಯಾರಕರದೇ ಹೊಸ ಸ್ಪ್ರಿಂಗನ್ನೂ ಷಾಕ್ ಅಬ್ಸಾರ್ಬರನ್ನೂ ಹಾಕಿಸಿದರೆ ಕಾನೂನಿಗೂ ಭಂಗವಿಲ್ಲ, ಭದ್ರತೆಗೂ ಕುಂದಿಲ್ಲ. ಎರಡನೆಯದಾಗಿ, ಭಾರವನ್ನು ಇಳಿಸಬೇಕು. ಐದು ಜನರೂ ಗಂಟುಮೂಟೆಗಳೂ ತುಂಬಿದಾಗ ಸಣ್ಣ ಕಾರಿನ ಹಿಂಭಾಗ ಎದ್ದು ಕಾಣುವಷ್ಟು ತಗ್ಗುವುದು. ಕೆಟ್ಟ ಜಾಗದಲ್ಲಿ ಜನರು ಇಳಿದು ನೂರು ಹೆಜ್ಜೆ ನಡೆದರೆ, ಗ್ಯಾರೇಜಿನವನಿಗೆ ಕಾಸು ಕೊಡದೆಯೇ ಕಾರು ಏಳುವುದು.

ಮೂರನೆಯದು ಓಡಿಸುವ ಜಾಣ್ಮೆ. ಗಾಲಿಗಳನ್ನು ಜಾಡಿಗೆ ಇಳಿಸದೆ, ಒಂದು ಸಾಲಿನ ಗಾಲಿಗಳನ್ನು ನಡುವಣ ದಿಂಡಿನ ಮೇಲೂ ಇನ್ನೊಂದು ಸಾಲನ್ನು ಹಾದಿಯ ಅಂಚಿನ ಗಟ್ಟಿ ನೆಲದ ಮೇಲೂ ನಡೆಸಬೇಕು. ಗುಂಡಿಗೆ ಇಳಿಯುವ ಮುನ್ನವೇ ವೇಗವನ್ನು ತಗ್ಗಿಸಿ, ಇಳಿಯುವಾಗ ಬ್ರೇಕನ್ನು ಬಿಡಬೇಕು. ಬ್ರೇಕು ಒತ್ತಿದ ಕಾರು ಮೂತಿಯನ್ನು ತಗ್ಗಿಸುವುದು. ಮೆಕ್ಯಾನಿಕರು ಚೇಂಬರು ಎಂದು ಕರೆಯುವ, ಇಂಜಿನಿನ ಅಡಿಯ ಎಣ್ಣೆಯ ತೊಟ್ಟಿಗೆ ಉಕ್ಕಿನ ರಕ್ಷಾತಟ್ಟೆ ಇದ್ದರೆ ಮೇಲು. ಸಣ್ಣ ಕಾರು ಹೊಳೆಯ ಹರಿವ ನೀರಿಗೆ ಇಳಿಯಲೇಬಾರದು. ಒಂದಡಿ ಆಳದ ನೀರೂ ಅದನ್ನು ತೇಲಿಸಬಲ್ಲುದು. ಹಲಗೂರಿನಿಂದ ಮುತ್ತತ್ತಿಗೆ ಹೋಗುವವರು ದಾರಿಯನ್ನು ಬಿಟ್ಟು ಕಾಡಿಗೆ ಇಳಿಯುವ ಸಾಹಸವನ್ನೂ ಮಾಡಬಾರದು. ಅದು ಕಾವೇರಿ ವನ್ಯಜೀವಿಧಾಮದ ನೆಲ.

ಕಾಲುವೆಯ ಏರಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಈ ಜಿಲ್ಲೆಗೆ ಅನ್ನ ಕೊಟ್ಟ ವಿಶ್ವೇಶ್ವರಯ್ಯ ನಾಲೆ ದಾರಿ ತಪ್ಪಿದವರನ್ನು ಕ್ಷಮಿಸುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಈ ನಾಲೆಗೆ ಬಿದ್ದು 30 ಜನರು ಜೀವ ಕಳೆದುಕೊಂಡರು. ಆ ದುರಂತಕ್ಕೂ ಎತ್ತಿಸಿದ ಕಾರಿಗೂ ಸಂಬಂಧವಿಲ್ಲ. ಏರಿಯ ಅಂಚು ಎಂಥದೆಂಬುದನ್ನು ನೆನಪಿಗೆ ತರುವುದಕ್ಕಾಗಿ ಮಾತ್ರ ಇದನ್ನು ಹೇಳಿದೆವು. ಮಳೆಯಲ್ಲಿ ನೆನೆದ ಮೆತುಮಣ್ಣಿನ ಅಂಚಿನಲ್ಲಿ ಒಂದು ಪಕ್ಕದ ಗಾಲಿ ಇಳಿದಾಗ, ತಗ್ಗಾದ ಕಾರು ವಾಲಿ ನಿಲ್ಲಬಹುದಾದ ಕಡೆ ಎತ್ತರದ ಕಾರು ಉರುಳಬಹುದು.

ಕಡೆಯದಾಗಿ ಹಾದಿಯ ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಸೂಚನೆಯಂತೆ ರಸ್ತೆಯ ಉಬ್ಬು 3.7 ಮೀಟರು ಅಗಲಕ್ಕೆ 10 ಸೆಂಟಿಮೀಟರು ಎತ್ತರವಿರತಕ್ಕದ್ದು. ಅಂಥ ಉಬ್ಬನ್ನು ಯಾವ ಸಣ್ಣ ಕಾರಾದರೂ ಹೊಟ್ಟೆ ತಾಗಿಸದೆ ದಾಟುವುದು. ತಾಗುವುದು, ಅಳತೆಯಿಲ್ಲದೆ ರಾಶಿ ಹಾಕಿದ ಉಬ್ಬಿಗೆ. ಅಲ್ಲಿ ತಿದ್ದಬೇಕಾದುದು ಉಬ್ಬೇ ಹೊರತು ಕಾರಲ್ಲ. ಒಬ್ಬೊಬ್ಬನೂ ತನ್ನ ಕಾರನ್ನು ಎತ್ತಿಸುವುದಕ್ಕೆ ಮಾಡುವ ವೆಚ್ಚದ ಬದಲು ಹತ್ತು ಜನರು ಸೇರಿ ಪಂಚಾಯಿತಿಗೆ ಒಂದು ಅರ್ಜಿಯನ್ನು ಬರೆದು, ಕಬ್ಬಿನ ಕಾಲ ಮುಗಿದ ಕೂಡಲೇ ಜಾಡುಗಳಿಗೆ ಗೊಚ್ಚುಮಣ್ಣು ತುಂಬಿಸಿದರೆ, ಆ ಹಾದಿಯಲ್ಲಿ ಕಾರಿನವರಷ್ಟೇ ಅಲ್ಲದೆ ಗಾಡಿಯವರೂ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳೂ ಸುಖವಾಗಿ ಸಾಗುವರು.