ಅಂಗಳವೇ ಮಸೀದಿ

ದಿಲ್ಲಿಯ ಕೆಂಪುಕೋಟೆಯೊಳಗೆ ಷಹಜಹಾನ್ ದರ್ಬಾರು, ಹಮಾಮು, ತೋಟ, ಕಾಲುವೆ ಎಲ್ಲವನ್ನೂ ಕಟ್ಟಿಸಿದ, ಮಸೀದಿಯನ್ನು ಮಾತ್ರ ಕಟ್ಟಿಸಲಿಲ್ಲ. ಈಗ ಅಲ್ಲಿರುವ ಮೋತಿ ಮಸೀದಿ ಅವನ ಮಗ ಔರಂಗಜೇಬ್ ಆಮೇಲೆ ಸೇರಿಸಿದ್ದು. ಶುಕ್ರವಾರದ ನಮಾಜಿಗೆ ಬಾದಶಹನೂ ಕೋಟೆಯಿಂದ ಹೊರಬಿದ್ದು, ಊರಿನವರೆಲ್ಲ ಸೇರುವ ಕಡೆಗೇ ಬರಬೇಕಿತ್ತು. ಆ ಕಡೆಯೇ ಜಾಮಾ ಮಸೀದಿ. 1650ರಲ್ಲಿ ಶುರುವಾದ ಕೆಲಸ ವಜೀರ ಸಾದುಲ್ಲಾ ಖಾನನ ಉಸ್ತುವಾರಿಯಲ್ಲಿ 1656ಕ್ಕೆ ಮುಗಿಯಿತು. ಹತ್ತು ಲಕ್ಷ ರೂಪಾಯಿ ಖರ್ಚಾಯಿತೆಂದು ಅಲ್ಲಿನ ಶಾಸನವೇ ಲೆಕ್ಕ ಒಪ್ಪಿಸುತ್ತದೆ.

ಭೋಜಲಾ ಪಹಾಡಿ ಎಂಬ ಗುಡ್ಡವನ್ನು ಆರಿಸಿಕೊಂಡಾಗಲೇ ಕಟ್ಟಡಕ್ಕೆ ಅರ್ಧ ಗಾಂಭೀರ್ಯ ಸಿಕ್ಕಿಬಿಟ್ಟಿತ್ತು. ಒಳಗೆ ಹೋಗಲು ಉತ್ತರದಲ್ಲಿ 39, ದಕ್ಷಿಣದಲ್ಲಿ 33, ಪೂರ್ವದಲ್ಲಿ 35 ಮೆಟ್ಟಿಲು ಹತ್ತಬೇಕು. ಪೂರ್ವದ್ದು ಬಾದಶಹನ ಬಾಗಿಲು. ಮೆಕ್ಕಾ ಪಶ್ಚಿಮಕ್ಕಿರುವುದರಿಂದ ಪೂರ್ವದಿಂದ ಬಂದವರಿಗೆ ಪ್ರಾರ್ಥನಾ ಮಂದಿರ ನೇರ ಎದುರಾಗುತ್ತದೆ. ಕೋಟೆಯೂ ಅದೇ ದಿಕ್ಕಿಗಿದೆ. ಬಾದಶಹನ ಸವಾರಿ ಹೊರಡುವ ಮುನ್ನ ಧೂಳು ಏಳದಂತೆ ದಾರಿಗೆ ನೀರು ಚಿಮುಕಿಸುತ್ತಿದ್ದರೆಂದು ಔರಂಗಜೇಬನ ಕಾಲದಲ್ಲಿ ದಿಲ್ಲಿಯಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯರ್ ಬರೆದಿದ್ದಾನೆ. ಯುರೋಪಿನ ವಾಸ್ತುನಿಯಮಗಳಿಗೆ ಈ ಕಟ್ಟಡ ಹೊಂದದಿದ್ದರೂ ಕಣ್ಣಿಗೆ ಚುಚ್ಚುವ ದೋಷ ಒಂದೂ ಇಲ್ಲ ಎಂಬುದು ಅವನ ತೀರ್ಪು.

ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಬಯಲು. ಒಂದೊಂದು ಬದಿಯೂ ಸುಮಾರು ನೂರು ಮೀಟರ್ ಇರುವ ಕೆಂಪು ಮರಳುಗಲ್ಲಿನ ಹಾಸು, ನಡುವೆ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವ ವಜೂವಿಗೆ ನೀರಿನ ಹೌಜು, ಮೂರು ಕಡೆ ಕಮಾನುಗಳ ಮೊಗಸಾಲೆ. ಇಪ್ಪತ್ತೈದು ಸಾವಿರ ಜನ ಹಿಡಿಸುತ್ತಾರೆ ಎನ್ನುತ್ತಾರೆ. ಆದರೆ ಪಶ್ಚಿಮದ ಮಂದಿರದ ಆಳ ಮೂವತ್ತು ಮೀಟರೂ ಇಲ್ಲ. ಹಬ್ಬದ ದಿನ ಬಹುಪಾಲು ಜನರ ನಮಾಜು ಆಕಾಶದ ಕೆಳಗೇ. ಅಂದಮೇಲೆ ಇಲ್ಲಿ ಅಂಗಳವೇ ಮಸೀದಿ, ಕಟ್ಟಡ ಅದರ ಪಶ್ಚಿಮದ ಗೋಡೆ. ಈ ಲೆಕ್ಕ ಹಿಡಿದು ನೋಡಿದರೆ ಶಿಲ್ಪಿಗಳ ಜಾಣ್ಮೆ ತಿಳಿಯುತ್ತದೆ. ದೂರದ ಮೂಲೆಯಲ್ಲಿ ಕೂತವನಿಗೂ ದಿಕ್ಕು ತೋರಬೇಕಲ್ಲ, ಅದಕ್ಕೇ ನಡುವೆ ಒಂದು ಭಾರಿ ಕಮಾನು, ಅದರ ಎಡಬಲಕ್ಕೆ ಐದೈದು ಚಿಕ್ಕವು. ಎರಡೂ ತುದಿಗೆ ಸುಮಾರು ನಲವತ್ತು ಮೀಟರಿನ ಮಿನಾರುಗಳು. ಹಿಂದೆ ಮೂರು ಅಮೃತಶಿಲೆಯ ಗುಮ್ಮಟಗಳು. ಮಂದಿರದತ್ತ ನಡೆದಷ್ಟೂ ನಡುವಿನ ಗುಮ್ಮಟ ಕಮಾನಿನ ಹಿಂದೆ ಇಳಿಯುತ್ತ ಹೋಗುತ್ತದೆ. ಅದನ್ನು ದೂರದಿಂದ ನೋಡಲೆಂದೇ ಇಟ್ಟಿದ್ದಾರೆ.

ಹತ್ತಿರ ಹೋದವರಿಗೆ ಬೇರೆಯದೇ ಕೆಲಸ ಕಾದಿದೆ. ಗುಮ್ಮಟದ ಬಿಳುಪಿನ ಮೇಲೆ ಬುಡದಿಂದ ತುದಿಯವರೆಗೆ ಕರಿಗಲ್ಲಿನ ಸಣ್ಣ ಪಟ್ಟೆಗಳು. ಕೆಂಪುಗೋಡೆಯ ಕಮಾನುಗಳ ಅಂಚಿಗೆ ರಂಗೋಲಿಯ ಎಳೆಯಂತೆ ಬಿಳಿಗಲ್ಲು ಕೂರಿಸಿದ್ದಾರೆ. ಚಿಕ್ಕ ಕಮಾನುಗಳ ನೆತ್ತಿಯ ಬಿಳಿ ಫಲಕಗಳಲ್ಲಿ ಕರಿಗಲ್ಲಿನ ಪರ್ಷಿಯನ್ ಅಕ್ಷರ. ಖರ್ಚಿನ ಲೆಕ್ಕ ಇರುವುದೂ ಅಲ್ಲೇ. ಒಳಗಿನ ಬಿಳಿ ನೆಲದಲ್ಲಿ ಕರಿಗೆರೆಯ ಚೌಕಟ್ಟುಗಳಿವೆ. ಒಂದೊಂದೂ ಒಬ್ಬರ ಜಾನಮಾಜಿನ, ಅಂದರೆ ನಮಾಜಿನ ಹಾಸಿನ, ಜಾಗ.

ಇಂಥ ಗುರುತಿನ ನೆಲವನ್ನು ವಿಜಯಪುರಕ್ಕೆ ಹೋದವರು ನೋಡಿರಬಹುದು. ಅಲ್ಲಿನ ಜಾಮಿಯಾ ಮಸೀದಿ ಆದಿಲ್‌ಶಾಹಿಗಳದ್ದಾದರೂ, ನೆಲದ ಮೇಲಿನ ಎರಡು ಸಾವಿರಕ್ಕೂ ಹೆಚ್ಚು ಚೌಕಟ್ಟುಗಳನ್ನು 1686ರಲ್ಲಿ ಊರು ಗೆದ್ದ ಔರಂಗಜೇಬ್ ಮಾಡಿಸಿದ ಎನ್ನುತ್ತಾರೆ. ದಿಲ್ಲಿಯ ಮಸೀದಿ ಮುಗಿದ 1656ರಲ್ಲೇ ವಿಜಯಪುರದ ಸುಲ್ತಾನ ಮುಹಮ್ಮದ್ ಆದಿಲ್‌ಶಾ ತೀರಿಕೊಂಡು ಅಲ್ಲಿನ ಗೋಲಗುಮ್ಮಟದಲ್ಲಿ ಮಣ್ಣಾದ. ಅಲ್ಲಿ ಒಂದೇ ಗುಮ್ಮಟದಡಿ ಎಷ್ಟು ಜಾಗ ಮುಚ್ಚಬಹುದೆಂಬ ಸಾಹಸ, ಇಲ್ಲಿ ಎಷ್ಟು ಜಾಗ ಬಿಚ್ಚಿಡಬಹುದೆಂಬ ಸಾಹಸ.

1857ರ ದಂಗೆಯ ನಂತರ ಬ್ರಿಟಿಷರು ದಿಲ್ಲಿಯ ಮಸೀದಿಯನ್ನು ವಶಪಡಿಸಿಕೊಂಡು, 1862ರಲ್ಲಿ ಹಿಂತಿರುಗಿಸಿದರು. ಕೋಟೆಗೂ ಮಸೀದಿಗೂ ನಡುವೆ ಒತ್ತೊತ್ತಾಗಿದ್ದ ಮನೆಗಳು ಮಾತ್ರ ಅವರ ಸಿಟ್ಟಿಗೆ ನೆಲಸಮವಾದವು.

ನೋಡಲು ಹೋಗುವವರಿಗೆ ದಿಲ್ಲಿ ಮೆಟ್ರೋದ ನೇರಳೆ ಮಾರ್ಗದಲ್ಲಿ ಜಾಮಾ ಮಸೀದಿ ಹೆಸರಿನ ನಿಲ್ದಾಣವೇ ಇದೆ. ಮೈತುಂಬ ಬಟ್ಟೆ ಇರಲಿ, ಚಪ್ಪಲಿ ಬಾಗಿಲಲ್ಲೇ ಬಿಡಿ. ನಮಾಜಿನ ಹೊತ್ತಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಮುಖ ಪೂರ್ವಕ್ಕಿರುವುದರಿಂದ ಬೆಳಗಿನ ಬಿಸಿಲಲ್ಲಿ ಕಲ್ಲಿನ ಬಣ್ಣ ಎದ್ದು ಕಾಣುತ್ತದೆ. ಮಧ್ಯಾಹ್ನವಾದರೆ ಬೇಸಿಗೆಯಲ್ಲಿ ಹಾಸುಗಲ್ಲು ಅಂಗಾಲು ಸುಡುತ್ತದೆ. ಹೋದ ತಕ್ಷಣ ಕಮಾನಿನ ಕಡೆ ಓಡಬೇಡಿ. ಪೂರ್ವದ ಮೊಗಸಾಲೆಯ ನೆರಳಲ್ಲಿ ಸ್ವಲ್ಪ ಹೊತ್ತು ಕೂತು ಅಂಗಳವನ್ನು ನೋಡಿ, ಆಮೇಲೆ ನಡೆಯಿರಿ.